ಗಾಜಿಗೆ ಅಂಟಿದ ಅವ್ವ

ಪುಕ್ಕಲು ಮನುಷ್ಯ ಎಂದು ಅವರಿಗೆ ಹೆಸರಿಟ್ಟವಳೇ ನಾನು. ಬೆನ್ನ ಹಿಂದೆ ಅಲ್ಲ, ಮುಖದ ಮುಂದೆಯೇ ಅನ್ನುತ್ತಿದ್ದೆ. ಅವರು ಸಿಟ್ಟು ಮಾಡಿಕೊಂಡವರಲ್ಲ. "ಹೌದ್ರಿ ಅಕ್ಕಾರ" ಎಂದು ಒಪ್ಪಿಕೊಂಡು, ಕೈಯಲ್ಲಿದ್ದ ಫ್ರೇಮನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಆದರೂ ನಾನು ಅವರಿಗೆ ಅಕ್ಕಾರು, ಅವರು ನನಗೆ ಅಣ್ಣಾರು. ಹೋದ ತಿಂಗಳು ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬಂದು ಅಂಗಡಿಯಲ್ಲಿ ಕುಳಿತರೆ ಹೊಲಿಗೆ ಮುಂದಕ್ಕೆ ಸಾಗಲಿಲ್ಲ. ಅವರ ಬಗ್ಗೆ ಯಾರಿಗೂ ಹೇಳದ ಮಾತೊಂದು ನನ್ನ ಹತ್ತಿರ ಉಳಿದುಬಿಟ್ಟಿದೆ. ಅದು ಯಾರ ಕಿವಿಗೆ ಬೀಳಬಾರದಿತ್ತೋ ಅವರೂ ಈಗ ಇಲ್ಲ, ಹೇಳಬೇಡಿ ಎಂದವರೂ ಇಲ್ಲ. ಇನ್ನು ಬಾಯಿ ಕಟ್ಟಿಕೊಂಡು ಕೂರುವುದು ನನ್ನಿಂದ ಆಗದ ಕೆಲಸ.

ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದ ಪೇಟೆಯ ಒಂದು ಗಲ್ಲಿಯಲ್ಲಿ ನನ್ನದು ಸೀರೆಗೆ ಫಾಲ್, ಪಿಕೋ ಮಾಡುವ ಅಂಗಡಿ. ಪಕ್ಕದ್ದು ಅವರ ಫೋಟೋ ಫ್ರೇಮಿನ ಅಂಗಡಿ. ನಡುವೆ ಒಂದೇ ಗೋಡೆ. ಅವರು ಆ ಕಡೆ ಮೊಳೆ ಬಡಿದರೆ ಈ ಕಡೆ ನನ್ನ ದಾರದ ರೀಲು ಉರುಳುತ್ತಿತ್ತು. ಗಿರಾಕಿಗಳ ಜೊತೆ ಇಬ್ಬರದೂ ಮರಾಠಿ, ನಮ್ಮನಮ್ಮೊಳಗೆ ಕನ್ನಡ. ನಾನು ಹಲಕರ್ಣಿ ಕಡೆಯ ಕನ್ನಡ ಶಾಲೆಯಲ್ಲಿ ಕಲಿತವಳು, ಅವರು ಎಲ್ಲಿ ಕಲಿತರೋ, ಕಲಿತರೋ ಇಲ್ಲವೋ, ಕೇಳಿದವಳಲ್ಲ. ಬೆಳಿಗ್ಗೆ ಷಟರ್ ಎತ್ತುವಾಗ ಮಾತು ಶುರುವಾದರೆ ಚಹಾದ ಹೊತ್ತಿನವರೆಗೂ ಗೋಡೆಯಾಚೆಯಿಂದಲೇ ನಡೆಯುತ್ತಿತ್ತು.

ಅಂಗಡಿಕಾರ ಅಂದಮೇಲೆ ತನ್ನ ಮಾಲನ್ನು ಹೊಗಳಬೇಕು. ಈ ಪುಣ್ಯಾತ್ಮರು ತಮ್ಮ ಮಾಲಿನ ಹುಳುಕನ್ನು ತಾವೇ ಎತ್ತಿ ತೋರಿಸುವವರು. ಗಿರಾಕಿ ವಿಠ್ಠಲನ ಚಿತ್ರವನ್ನು ಕೈಗೆ ತೆಗೆದುಕೊಂಡು, ಛಂದ ಆಗಿದೆ ಎಂದು ಹೊರಟಿರುತ್ತಿದ್ದ. ಇವರು ಹಿಂದಿನಿಂದ ಕರೆದು, ಒಂದೆಳೆ ವಾರೆ ಕೂತಿದೆ ನೋಡಿ, ಇಟ್ಟು ಹೋಗಿ, ಸರಿ ಮಾಡುತ್ತೇನೆ ಎನ್ನುತ್ತಿದ್ದರು. ಅಲ್ಲಿಯವರೆಗೆ ದೇವರನ್ನು ನೋಡುತ್ತಿದ್ದ ಗಿರಾಕಿ ಆಮೇಲೆ ಆ ವಾರೆಯನ್ನಷ್ಟೇ ನೋಡುತ್ತ ನಿಲ್ಲುತ್ತಿದ್ದ. ಇದೇನು ವ್ಯಾಪಾರವೋ, ತಪಶ್ಚರ್ಯವೋ ಎಂದು ನಾನು ಈಚೆಯಿಂದ ರೇಗುತ್ತಿದ್ದೆ.

ಒಮ್ಮೆ ಒಂದು ಮದುವೆಯ ಗುಂಪಿನ ಫೋಟೋವನ್ನು ಸಿದ್ಧ ಫ್ರೇಮಿಗೆ ಕೂರಿಸಲು ಅಂಚು ಕತ್ತರಿಸಿದ್ದರು. ಅಂಚಿನಲ್ಲಿ ನಿಂತಿದ್ದ ಮದುಮಗಳ ಚಿಕ್ಕಮ್ಮನ ಬಲಗೈ ಹೋಯಿತು. ಆ ಕೈತುಂಬ ಆಕೆ ಮದುವೆಗೆಂದೇ ಇಟ್ಟುಕೊಂಡ ಹಸಿರು ಬಳೆಗಳಿದ್ದವಂತೆ. ಆಕೆ ಬಂದು ಗಲ್ಲಿಗೆ ಗಲ್ಲಿಯೇ ನೆರೆಯುವಂತೆ ಜಗಳ ತೆಗೆದಳು. ನನ್ನ ಕೈ ಎಲ್ಲಿ, ಕೊಡು, ಎಂದು ಮರಾಠಿಯಲ್ಲಿ ಕೇಳಿದ್ದೇ ಕೇಳಿದ್ದು. ನಾವೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು. ಅಣ್ಣಾರು ಮಾತ್ರ ಕಸದ ಡಬ್ಬಿಯಲ್ಲಿ ಕೈಹಾಕಿ ಆ ಚೂರನ್ನು ಹುಡುಕುತ್ತ ಕೂತಿದ್ದರು. ಅಂದಿನಿಂದ ಅವರು ಫೋಟೋಕ್ಕೆ ಕತ್ತರಿ ಹಾಕಲಿಲ್ಲ.

ಫ್ರೇಮು ಗಿರಾಕಿಯ ಮನೆ ಸೇರಿದ ಮೇಲೂ ಅವರ ಜೀವಕ್ಕೆ ಸಮಾಧಾನವಿರಲಿಲ್ಲ. ಹೇಗಿದ್ದೀರಿ, ಈ ಕಡೆ ಬಂದಿದ್ದೆ, ಎಂಬ ನೆಪ ಹಿಡಿದು ಒಳಗೆ ಹೋಗುವುದು. ಮಾತು ಮನೆಯವರ ಜೊತೆ, ಕಣ್ಣು ಗೋಡೆಯ ಮೇಲೆ. ಎದ್ದು ಬರುವಾಗ ಫ್ರೇಮಿನ ಕೆಳಗೆ ಒಂದು ಬೆರಳು ಹಾಕಿ ಮೊಳೆ ಸಡಿಲವಾಗಿದೆಯೇ ಎಂದು ನೋಡುವುದು. ಚಹಾಕ್ಕಾಗಿ ಬರುತ್ತಾನೆ ಎಂದು ಊರಲ್ಲಿ ಹೆಸರಾಗಿತ್ತು. ಗೋಡೆಯ ಮೇಲಿರುವುದೆಲ್ಲ ಒಂದು ದಿನ ಬಿದ್ದೇ ಬೀಳುತ್ತದೆ, ಅದು ತಾನು ಮಾಡಿದ್ದೇ ಆಗಿರುತ್ತದೆ ಎಂಬುದು ಅವರ ಲೆಕ್ಕ.

ಈ ಹೆದರಿಕೆ ಹುಟ್ಟುಗುಣವಲ್ಲ, ಎಲ್ಲಿಂದ ಬಂತು ಎಂದು ನನಗೆ ಗೊತ್ತಾದದ್ದು ತಡವಾಗಿ. ಗಡಹಿಂಗ್ಲಜಕ್ಕೆ ಬರುವ ಮೊದಲು ಅವರ ಅಂಗಡಿ ಇಚಲಕರಂಜಿಯಲ್ಲಿತ್ತು. ಆಗೆಲ್ಲ ಫೋಟೋವನ್ನು ಗಾಜಿಗೆ ನೇರ ಒತ್ತಿ ಕೂರಿಸಿ, ಹಿಂದೆ ಹಾರ್ಡ್‌ಬೋರ್ಡ್ ಇಟ್ಟು ಮೊಳೆ ಬಡಿದರೆ ಕೆಲಸ ಮುಗಿಯಿತು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಗಾಜಿಗೂ ಫೋಟೋಕ್ಕೂ ನಡುವೆ ಸಂದು ಬಿಡಬೇಕು, ಇಲ್ಲವಾದರೆ ತೇವ ಹೊಕ್ಕಾಗ ಫೋಟೋದ ಮೈ ಗಾಜಿಗೆ ಹಿಡಿದುಕೊಳ್ಳುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತಿರದ ಕೊರೋಚಿಯಿಂದ ಒಬ್ಬ ಹೆಣ್ಣುಮಗಳು, ಇವರೇ ಫ್ರೇಮು ಹಾಕಿಕೊಟ್ಟಿದ್ದ ತನ್ನ ಗಂಡನ ಫೋಟೋ ತಂದಳು. ಮಗ್ಗದಲ್ಲಿ ದುಡಿಯುತ್ತಿದ್ದ ಗಂಡ, ಸತ್ತು ಕೆಲವು ವರ್ಷಗಳಾಗಿದ್ದವು. ಗಾಜು ಮಬ್ಬಾಗಿದೆ, ಬೇರೆ ಹಾಕಿಕೊಡಿ ಎಂದಳು. ಇವರು ಬಿಚ್ಚಿ, ಮೆಲ್ಲಗೆ ಎಳೆದರು. ಫೋಟೋ ಬಂತು, ಮುಖ ಗಾಜಿನ ಮೇಲೆಯೇ ಉಳಿಯಿತು. ಕೈಯಲ್ಲಿದ್ದ ಕಾಗದದಲ್ಲಿ ಅಂಗಿ ಇತ್ತು, ಕೊರಳಿತ್ತು, ಅದರ ಮೇಲೆ ಬಿಳಿ.

ಆಕೆ ಕೂಗಾಡಲಿಲ್ಲವಂತೆ. ಕಾಗದವನ್ನೂ ಗಾಜನ್ನೂ ಕೂಡಿಸಿ ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋದಳಂತೆ. "ಬೈದಿದ್ರ ಚಲೋ ಇತ್ರಿ ಅಕ್ಕಾರ" ಎಂದು ಅಣ್ಣಾರು ನನಗೆ ಹೇಳಿದಾಗ ಅವರ ಕೈ ಸುಮ್ಮನೆ ತೊಡೆಯ ಮೇಲೆ ಬಿದ್ದಿತ್ತು. ಆಮೇಲೆ ಆ ಊರಿನಲ್ಲಿ ಅವರಿಗೆ ನಿಲ್ಲಲಾಗಲಿಲ್ಲ. ಅಂಗಡಿ ಮುಚ್ಚಿ ಹೆಂಡತಿಯ ಊರಾದ ಗಡಹಿಂಗ್ಲಜಕ್ಕೆ ಬಂದರು. ಇಲ್ಲಿ ಮಾಡಿದ ಒಂದೊಂದು ಫ್ರೇಮಿಗೂ ಗಾಜಿನ ಅಂಚಿಗೆ ತೆಳ್ಳಗಿನ ಪಟ್ಟಿ ಇಟ್ಟು ಸಂದು ಬಿಡುತ್ತಿದ್ದರು.

ಈಗ ನಮ್ಮ ಅವ್ವನ ಮಾತು. ಅವ್ವ ನಾನು ಸಣ್ಣವಳಿರುವಾಗಲೇ ಹೋದಳು. ಆಕೆಯದು ಇರುವುದು ಒಂದೇ ಫೋಟೋ, ಕೊಲ್ಹಾಪುರದ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಆ ಸ್ಟುಡಿಯೋ ಈಗ ಇಲ್ಲ. ತಲೆತುಂಬ ಸೆರಗು ಹೊದ್ದು, ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ಯಾರೋ ಗದರಿಸಿ ನಿಲ್ಲಿಸಿದ್ದಾರೆ ಅನ್ನುವ ಹಾಗೆ ನಿಂತಿದ್ದಾಳೆ. ನನ್ನ ಅಣ್ಣ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದ ಹೊಸತರಲ್ಲಿ ಅದಕ್ಕೆ ಫ್ರೇಮು ಹಾಕಿಸಿ ತಂದ. ಅಪ್ಪ ನನ್ನ ಮನೆಗೆ ಇರಲು ಬಂದಾಗ ಕೈಚೀಲದಲ್ಲಿ ಬಟ್ಟೆಗಿಂತ ಮೊದಲು ಅದನ್ನು ಇಟ್ಟುಕೊಂಡು ಬಂದಿದ್ದ.

ಅಪ್ಪ ಗುಡಿಗೆ ಹೋಗುವವನಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಬಟ್ಟೆಯಿಂದ ನಿನ್ನೆಯ ಕುಂಕುಮ ಒರೆಸಿ, ಅಂಗೈಯಲ್ಲಿ ಹೊಸ ಕುಂಕುಮಕ್ಕೆ ನೀರು ಹನಿಸಿ ಕಲೆಸಿ, ಗಾಜಿನ ಮೇಲೆ ಅವ್ವನ ಹಣೆಗೆ ಹಚ್ಚುತ್ತಿದ್ದ. ಒಣ ಕುಂಕುಮ ಗಾಜಿಗೆ ನಿಲ್ಲುವುದಿಲ್ಲವಲ್ಲ. ಮುತ್ತೈದೆಯಾಗಿ ಹೋದವಳು, ಹಣೆ ಬರಿದಿರಬಾರದು ಎನ್ನುತ್ತಿದ್ದ. ಆಮೇಲೆ ಒಂದು ಗಳಿಗೆ ಅಲ್ಲೇ ನಿಂತು ಏನೋ ಗೊಣಗುತ್ತಿದ್ದ. ಹಾಲಿನವನು ತಡ ಮಾಡಿದ್ದು, ನಾನು ಪಲ್ಯಕ್ಕೆ ಖಾರ ಕಮ್ಮಿ ಹಾಕಿದ್ದು, ಇಂಥದೇ. ಅವನ ದಿನ ಶುರುವಾಗುತ್ತಿದ್ದದ್ದು ಅಲ್ಲಿಂದ.

ಒಂದು ಸಂಜೆ ಅಣ್ಣಾರು ಮೊದಲ ಸಲ ನಮ್ಮ ಮನೆಗೆ ಬಂದರು. ಚಹಾ ಕೊಟ್ಟೆ. ಎರಡು ಗುಟುಕು ಕುಡಿದವರು ಗೋಡೆ ನೋಡಿದರು, ಬಟ್ಟಲು ಕೆಳಗಿಟ್ಟರು. ಈ ಫ್ರೇಮು ಎಲ್ಲಿ ಮಾಡಿಸಿದ್ದು ಎಂದು ಕೇಳಿದರು. ಇಚಲಕರಂಜಿ ಎಂದೆ. ಎದ್ದು ಹತ್ತಿರ ಹೋಗಿ ಬಂಗಾರದ ಬಣ್ಣದ ಬಳ್ಳಿಯಿದ್ದ ಫ್ರೇಮಿನ ಪಟ್ಟಿಯನ್ನು ಮುಟ್ಟಿ ನೋಡಿದರು.

"ಇದು ನಂದ ಕೆಲಸ ರೀ ಅಕ್ಕಾರ."

ನಾನು ನಕ್ಕೆ, ಅಂದರೆ ನಮ್ಮದು ಹಳೇ ನಂಟು ಅನ್ನಿ ಎಂದೆ. ಅವರು ನಗಲಿಲ್ಲ. ಅವ್ವನ ಸೀರೆಯ ಅಂಚಿನ ಹತ್ತಿರ, ಗಾಜಿನ ಒಳಗೆ, ಒಂದು ಕಡೆ ಒದ್ದೆಯಾದಂತೆ ಹೊಳೆಯುತ್ತಿತ್ತು. ಅದರ ಮೇಲೆ ಬೆರಳಿಟ್ಟರು. "ಅಂಟಾಕತ್ತೈತ್ರಿ" ಎಂದರು. ಆಗಲೇ ಕೊರೋಚಿಯ ಕತೆ ಅವರ ಬಾಯಿಂದ ಬಂದದ್ದು.

ಅಂದಿನಿಂದ ನನ್ನ ನೆಮ್ಮದಿಯೂ ಹೋಯಿತು. ಸಣ್ಣವಳಿದ್ದಾಗಿನಿಂದ ಕಂಡ ಫೋಟೋ, ಸರಿಯಾಗಿ ನೋಡಿದ್ದೇ ಇಲ್ಲವಲ್ಲ ಎನಿಸಿತು. ಈಗ ಹೋಗುತ್ತ ಬರುತ್ತ ನೋಡುವುದೇ ಕೆಲಸ. ಮಳೆ ಹಿಡಿಯಿತು. ಹೊಳಪು ಸೀರೆಯ ಅಂಚನ್ನು ದಾಟಿ ಮೊಣಕಾಲಿಗೆ ಬಂತು. ಮೊಬೈಲಿನಲ್ಲಾದರೂ ತೆಗೆದಿಟ್ಟುಕೊಳ್ಳೋಣ ಎಂದು ನಿಂತರೆ ಗಾಜಿನಲ್ಲಿ ಕಿಟಕಿ ಬಂತು, ಟ್ಯೂಬ್‌ಲೈಟು ಬಂತು, ನನ್ನದೇ ಗಾಬರಿಬಿದ್ದ ಮುಖ ಬಂತು, ಅವ್ವ ಬರಲಿಲ್ಲ. ಬಂದಿದ್ದರೂ ಅಪ್ಪನಿಗೆ ಅದು ಬೇಕಾಗಿರಲಿಲ್ಲ. ಈ ಕಾಗದವನ್ನೇ ಅವ್ವ ಕೈಯಲ್ಲಿ ಹಿಡಿದು ನೋಡಿ, ನನ್ನ ಮೂಗು ಇಷ್ಟು ದಪ್ಪ ಇದೆಯೇ ಎಂದು ಕೇಳಿದ್ದಳಂತೆ.

ಬಿಚ್ಚೋಣವೆಂದರೆ ಅಪ್ಪ ಒಪ್ಪಬೇಕಲ್ಲ. ಪೂಜೆ ಮಾಡಿ ಏರಿಸಿದ ಫೋಟೋ ನಮ್ಮಲ್ಲಿ ಮನಸ್ಸಿಗೆ ಬಂದಾಗ ಇಳಿಸುವಂತಿಲ್ಲ. ಪಿತೃಪಕ್ಷದಲ್ಲಿ ಅವಿಧವಾ ನವಮಿ ಅಂತ ಬರುತ್ತದೆ, ಮುತ್ತೈದೆಯಾಗಿ ಸತ್ತವರ ದಿನ. ಆವತ್ತೊಂದೇ ದಿನ ಅವ್ವ ಗೋಡೆಯಿಂದ ಕೆಳಗಿಳಿದು ಮಣೆಯ ಮೇಲೆ ಕೂರುವುದು. ಒಳಗೆ ತೇವ ಹೊಕ್ಕಿದೆ ಎಂದು ಎಷ್ಟು ಹೇಳಿದರೂ ಅಪ್ಪನ ಕಣ್ಣಿಗೆ ಆ ಹೊಳಪು ಕಾಣುತ್ತಿರಲಿಲ್ಲ, ಪೊರೆ ಬಂದಿತ್ತು. "ನಿಮ್ಮವ್ವ ಅಂಗಡಿ ಬೋರ್ಡೇನು, ಬೇಕಾದಾಗ ಇಳಸಾಕ?" ಎಂದುಬಿಟ್ಟ. ಹಟಕ್ಕೆ ಬಿದ್ದರೆ ನನ್ನನ್ನೂ ಮೀರಿಸುವವನು ಅವನೊಬ್ಬನೇ.

ಹಾಗಾಗಿ ಕಾಯುವುದಾಯಿತು. ಮಳೆಗಾಲ ಪೂರ್ತಿ ಅಣ್ಣಾರು ಷಟರ್ ಎತ್ತುತ್ತಿದ್ದಂತೆ ಕೇಳುತ್ತಿದ್ದರು, ಇವತ್ತು ಎಲ್ಲಿಯವರೆಗೆ ಬಂದಿದೆ ಎಂದು. ನನಗೆ ಮೊದಲೇ ಜೀವ ಕೈಯಲ್ಲಿ. ಹಿರಣ್ಯಕೇಶಿ ಹೊಳೆಗೆ ನೀರು ಏರಿದ್ದನ್ನು ಕೇಳಿದ ಹಾಗೆ ನಮ್ಮವ್ವನನ್ನು ಕೇಳಬೇಡಿ ಎಂದು ಒಂದು ದಿನ ಹರಿಹಾಯ್ದೆ. ಗೋಡೆಯಾಚೆಯಿಂದ ಸಣ್ಣ ದನಿ ಬಂತು.

"ಮುಖಕ್ಕ ಬರೂದ್ರೊಳಗ ನವಮಿ ಬರಬೇಕ್ರಿ ಅಕ್ಕಾರ. ಅಷ್ಟ ನೋಡಾಕತ್ತೇನಿ."

ನಾನೂ ಅಷ್ಟೇ ನೋಡುತ್ತಿದ್ದೆ. ಹೊಳಪು ಕುರ್ಚಿಯ ಮೇಲಿನ ಕೈಗೆ ಬಂತು. ಬಳೆಗಳಿಗೆ ಬಂತು. ಗಣಪತಿ ಕೂತು ಎದ್ದುಹೋದ, ಮಳೆ ಬಿಡಲಿಲ್ಲ.

ನವಮಿಯ ದಿನ ಅಡಿಗೆ ಆಯಿತು, ಮಣೆಯ ಮುಂದೆ ಹಸಿರು ಸೀರೆ, ಬಳೆ ಇಟ್ಟೆವು, ಅಪ್ಪ ಕುಂಕುಮ ಹಚ್ಚಿ ನಮಸ್ಕಾರ ಮಾಡಿದ. ಗಾಜು ಮಾತ್ರ ಬದಲಿಸುವುದು ಎಂದು ಹೇಳಿ ಒಪ್ಪಿಸಿದ್ದೆ. ಅಪ್ಪ ಪಡಸಾಲೆಯಲ್ಲಿ ಊಟಕ್ಕೆ ಬಂದ ಹೆಣ್ಣುಮಕ್ಕಳ ಜೊತೆ ಮಾತಾಡುತ್ತ ಕೂತ. ಅಣ್ಣಾರು ಒಳಕೋಣೆಯಲ್ಲಿ ಚಾಪೆಯ ಮೇಲೆ ಫ್ರೇಮನ್ನು ಬೋರಲು ಹಾಕಿ, ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಅದು ಫೋಟೋದ ಮೇಲೆ ಬಿದ್ದೀತೆಂದು ತಲೆ ಹಿಂದಕ್ಕೆ ಎಳೆದುಕೊಂಡೇ ಕೆಲಸ ಮಾಡುತ್ತಿದ್ದರು. ಹಾರ್ಡ್‌ಬೋರ್ಡ್ ತೆಗೆದರು. ತೆಳ್ಳಗಿನ ಕಾಗದದ ಪಟ್ಟಿಯೊಂದನ್ನು ಮೇಲಿನ ಅಂಚಿನಿಂದ ಫೋಟೋಕ್ಕೂ ಗಾಜಿಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಕೆಳಕ್ಕೆ ಜಾರಿಸತೊಡಗಿದರು. ಸೆರಗು ದಾಟಿತು. ಹಣೆ ದಾಟಿತು. ಕಣ್ಣು, ಮೂಗು, ಬಾಯಿ, ಗದ್ದ. ಕೊರಳು ದಾಟಿ ಎದೆಯ ಹತ್ತಿರ ಪಟ್ಟಿ ನಿಂತಿತು. ಅವರು ಒತ್ತಲಿಲ್ಲ. ಸಾಕು ಎಂದು ಕೈ ತೆಗೆದರು. ಮುಖ ಉಳಿದಿತ್ತು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.

ಅವರು ಇನ್ನೂ ನೋಡುತ್ತಲೇ ಇದ್ದರು. ಗಾಜನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಒಳಗಡೆ, ಕೆಳಗಿನ ಅಂಚಿನಿಂದ ಮೇಲಕ್ಕೆ, ತೆಳುವಾಗಿ ಕೆಂಪು ಗೆರೆಗಳು ಹತ್ತಿದ್ದವು. ಕುಂಕುಮ. ಎಲ್ಲೆಲ್ಲಿ ಆ ಕೆಂಪು ಹಬ್ಬಿತ್ತೋ ಅಲ್ಲಿ ಮಾತ್ರ ಫೋಟೋ ಅಂಟಿತ್ತು. ಮೇಲಿನ ಅರ್ಧವೂ ಇಷ್ಟು ವರ್ಷ ಗಾಜಿಗೆ ಒತ್ತಿಕೊಂಡೇ ಇದ್ದದ್ದು. ಅದಕ್ಕೆ ಏನೂ ಆಗಿರಲಿಲ್ಲ. ಮಳೆಯ ತೇವವೂ ಅಲ್ಲ, ಒತ್ತಿ ಕೂರಿಸಿದ್ದೊಂದೇ ಕಾರಣವೂ ಅಲ್ಲ. ದಿನಾ ಬೆಳಿಗ್ಗೆ ಅಪ್ಪ ಹಚ್ಚಿದ ಕುಂಕುಮದ ನೀರು, ಒರೆಸಿದ ಬಟ್ಟೆಯ ನೀರು ಗಾಜಿನ ಮೇಲಿಂದ ಇಳಿದು, ಕೆಳಗಿನ ಪಟ್ಟಿಯ ಸಂದಿನಲ್ಲಿ ಹೊಕ್ಕು, ಒಳಗೆ ಏರಿತ್ತು.

ಅವರಿಗೂ ತಿಳಿಯಿತು, ನನಗೂ ತಿಳಿಯಿತು. ಇದು ನಿಮ್ಮ ತಪ್ಪಲ್ಲ ಅಣ್ಣಾರ ಎಂದು ನಾನು ಪಿಸುಗುಟ್ಟಿದೆ. ಅವರು ತುಟಿಯ ಮೇಲೆ ಬೆರಳಿಟ್ಟು ಪಡಸಾಲೆಯ ಕಡೆ ನೋಡಿದರು. ಅಷ್ಟರಲ್ಲಿ ಅಪ್ಪ ಗೋಡೆ ತಡವುತ್ತ ಬಾಗಿಲಿಗೆ ಬಂದು, ಏನಾಗಿದೆ, ಯಾಕೆ ಅಳುತ್ತಿದ್ದೀಯ ಎಂದು ಕೇಳಿದ. ಅಣ್ಣಾರು ಎದ್ದು ನಿಂತರು.

"ಮುಖಕ್ಕ ಏನೂ ಆಗಿಲ್ರಿ ಕಾಕಾರ. ಕೆಳಗ ಫೋಟೋ ಗಾಜಿಗೆ ಹತ್ತೇತಿ. ಆವಾಗ ನಾ ಸಂದು ಬಿಡಬೇಕಾಗಿತ್ತು, ಬಿಡಲಿಲ್ಲ. ನನ್ನ ಕೆಲಸ ತಪ್ಪೈತ್ರಿ."

ಅಪ್ಪನ ದನಿ ಕುರಿ ಕಾಯ್ದು ಬೆಳೆದ ದನಿ, ಗುಡ್ಡದ ಆಚೆಯವರಿಗೆ ಕೇಳುವಂಥದ್ದು. ಊಟಕ್ಕೆ ಬಂದವರೆಲ್ಲ ಬಾಗಿಲಲ್ಲಿ ನೆರೆದರು. ಒಂದೇ ಒಂದು ಫೋಟೋ, ಅದನ್ನೂ ಹಾಳು ಮಾಡಿದಿ, ಎಂಥ ಕೆಲಸಗಾರ ನೀನು ಎಂದು ಅಪ್ಪ ಬೈದ ಬೈಗುಳವನ್ನೆಲ್ಲ ಬರೆಯಲು ನನಗೆ ಮನಸ್ಸಿಲ್ಲ. ಕೊನೆಗೆ, "ಇನ್ನ ನಮ್ಮನಿ ಹೊಸ್ತಿಲಾ ತುಳೀಬ್ಯಾಡ" ಎಂದ. ಅಣ್ಣಾರು ಇಕ್ಕಳವನ್ನು ಒರೆಸಿ ಚೀಲದಲ್ಲಿ ಇಟ್ಟುಕೊಂಡು, ಉಣ್ಣದೆ ಹೋದರು. ನವಮಿಯ ದಿನ ಮನೆಗೆ ಬಂದವರು ಉಣ್ಣದೆ ಹೋಗಬಾರದು.

ಮರುದಿನ ಅಂಗಡಿಯಲ್ಲಿ ಅವರ ಮೇಲೆಯೇ ಏರಿಹೋದೆ. ತಪ್ಪು ಮಾಡದಿದ್ದಾಗಲೂ ತಪ್ಪು ಹುಡುಕುವವರು, ಖರೇ ತಪ್ಪಿಲ್ಲದ್ದು ಕಣ್ಣಿಗೆ ಕಂಡಮೇಲೂ ಯಾಕೆ ಹೊತ್ತುಕೊಂಡಿರಿ, ಊರ ತುಂಬ ಮಾತಾಗಿದೆ, ಇನ್ನು ಯಾರು ನಿಮಗೆ ಫೋಟೋ ಕೊಡುತ್ತಾರೆ ಎಂದೆ. ಅವರು ಗಾಜು ಒರೆಸುತ್ತಲೇ ಹೇಳಿದರು.

"ಖರೇ ಹೇಳಿದ್ರ ಕಾಕಾರು ನಾಳೆಯಿಂದ ಕುಂಕುಮ ಹಚ್ಚೂದು ಬಿಡ್ತಾರ್ರಿ. ಬಿಟ್ಟಮ್ಯಾಲೆ ಅವರಿಗೆ ಮುಂಜಾನಿ ಎದ್ದು ಮಾಡಾಕ ಏನೈತಿ? ಹಚ್ಚಿದ್ದಕ್ಕ ಹಿಂಗಾತು ಅಂತ ತಿಳದ್ರ ಆ ಜೀವ ಉಳೀತೈತೇನ್ರಿ? ನೀವೂ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಪ್ಪ ಮುಂದೆಯೂ ಹಲವು ವರ್ಷ ಬದುಕಿದ. ಸಾಯುವವರೆಗೂ ಅವರನ್ನು ಒಳಗೆ ಕರೆಯಲಿಲ್ಲ. ಪೇಟೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದ. ಇವರು ಮಾತ್ರ ನಿಂತು ಕೈ ಮುಗಿಯುತ್ತಿದ್ದರು. ನಾನು ನಡುವೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಹಲ್ಲು ಕಚ್ಚುತ್ತಿದ್ದೆ.

ಆದರೆ ನವಮಿಗೆ ಇಳಿಸಿ ಬಿಚ್ಚಿದ ಫೋಟೋವನ್ನು ಹಾಗೆಯೇ ಗೋಡೆಗೆ ಏರಿಸುವಂತಿರಲಿಲ್ಲ. ಅಪ್ಪ ಮತ್ತೆ ನೀರು ಹಚ್ಚುವವನೇ, ಹೊಳಪು ಮತ್ತೆ ಏರುವುದೇ. ಅಣ್ಣಾರು ಉಪಾಯ ಹುಡುಕಿದರು. ಅಂಟಿದ ಗಾಜನ್ನು ಬಿಡಿಸುವುದು ಬೇಡ, ಫೋಟೋ ಅದರ ಸಂಗಡವೇ ಇರಲಿ. ಅದರ ಮುಂದೆ ಸಂದು ಬಿಟ್ಟು ಇನ್ನೊಂದು ಗಾಜು, ನಾಲ್ಕೂ ಕಡೆ ನೀರು ಹೋಗದಂತೆ ಮೊಹರು. ಕಾಕಾರು ಹೊರಗಿನ ಗಾಜಿಗೆ ಎಷ್ಟು ಬೇಕಾದರೂ ಹಚ್ಚಿಕೊಳ್ಳಲಿ. ಉಪಾಯವೇನೋ ಸರಿ, ಆದರೆ ಅಣ್ಣಾರು ಫೋಟೋ ಮುಟ್ಟಬಾರದು ಎಂದು ಅಪ್ಪನ ಕಟ್ಟಪ್ಪಣೆ. ಕೊಲ್ಹಾಪುರದಲ್ಲಿ ಮಾಡಿಸಿಕೊಂಡು ಬರುತ್ತೇನೆ ಎಂದು ಅಪ್ಪನಿಗೆ ಹೇಳಿ, ಫೋಟೋವನ್ನು ಸೀರೆಯಲ್ಲಿ ಸುತ್ತಿಕೊಂಡು ಮುಂಬಾಗಿಲಿನಿಂದ ಹೊರಟು, ಓಣಿ ಸುತ್ತಿ, ಅವರ ಅಂಗಡಿಗೆ ಕೊಟ್ಟೆ. ಸುಳ್ಳು ನಿಲ್ಲಬೇಕಲ್ಲ ಎಂದು ಬಸ್ಸು ಹತ್ತಿ ಕೊಲ್ಹಾಪುರಕ್ಕೂ ಹೋದೆ. ಅಸ್ತರಿನ ಬಟ್ಟೆ, ದಾರ ಕೊಂಡೆ. ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದರೆ, ಅಲ್ಲಿ ಅಂಗಡಿಯಲ್ಲಿ ಅಣ್ಣಾರ ಕೈ ತಪ್ಪಿ ಗಾಜು ಒಡೆದರೆ ಎಂದೇ ನನ್ನ ಯೋಚನೆ.

ಬಂದು ನೋಡಿದರೆ ಅವರ ಚಿಂತೆಯೇ ಬೇರೆ. ಅಪ್ಪ ಕೈಗುರುತು ಹಿಡಿದುಬಿಟ್ಟರೆ? ಯಾವಾಗಲೂ ಹಿಂದೆ ಹಚ್ಚುವ ಖಾಕಿ ಕಾಗದ ಬಿಟ್ಟು ಕರಿ ಕಾಗದ ಹಚ್ಚಿದ್ದರು. ದಾರ ಕಟ್ಟುವ ಬದಲು ಸ್ಟೀಲಿನ ಕೊಂಡಿ. ಎಂದೂ ಬಳಸದ ಸಾದಾ ಕಂದು ಪಟ್ಟಿ. ಅಷ್ಟಾದರೂ, ಕೊಲ್ಹಾಪುರದ ಅಂಗಡಿಯವರು ಹಿಂದೆ ತಮ್ಮ ಚೀಟಿ ಅಂಟಿಸುತ್ತಾರೆ, ಇದಕ್ಕಿಲ್ಲ, ಸಂಶಯ ಬರುತ್ತದೆ ಎಂದು ಪೇಚಾಡುತ್ತಿದ್ದರು. ನಮ್ಮಪ್ಪನಿಗೆ ಎದುರಿಗೆ ಎಮ್ಮೆ ನಿಂತರೂ ಕಾಣುವುದಿಲ್ಲ, ಚೀಟಿ ಎಲ್ಲಿ ಓದುತ್ತಾನೆ ಎಂದು ಗದರಿಸಿ ಎತ್ತಿಕೊಂಡು ಬಂದೆ.

ಗೋಡೆಗೆ ಏರಿಸಿದೆ. ಅಪ್ಪ ಬಂದು ಕೈಯಿಂದ ತಡವಿ ನೋಡತೊಡಗಿದ. ಪಟ್ಟಿಯ ಮೇಲೆ ಬೆರಳು ಆಡಿಸುತ್ತ ಹೋಗಿ ಒಂದು ಮೂಲೆಯಲ್ಲಿ ಹೆಬ್ಬೆರಳು ನಿಲ್ಲಿಸಿದ. ಹಿಂದಕ್ಕೆ ತಂದ, ಮತ್ತೆ ಮುಂದಕ್ಕೆ ಒಯ್ದ. ಸಿಕ್ಕಿಬಿದ್ದೆವು ಎಂದುಕೊಂಡೆ.

"ನೋಡು, ಪಟ್ಟಿ ಎಲ್ಲಿ ಕೂಡೇತಿ ಗೊತ್ತ ಆಗವಲ್ದು" ಎಂದ ಅಪ್ಪ. "ಒ‌ಂದ ಕಟಿಗಿ ಕೊರದು ಮಾಡಿದ್ಹಂಗ ಐತಿ. ಇದಕ್ಕ ಕೆಲಸ ಅಂತಾರ. ನಿನ್ನ ಬಾಜೂ ಅಂಗಡ್ಯಾವಗ ಹೇಳು, ಆ ಕೊಲ್ಲಾಪುರದಾಂವನ ಕೈಯಾಗ ಸ್ವಲ್ಪ ದಿನ ಇದ್ದು ಕಲ್ತು ಬಾ ಅಂತ."

ಆಮೇಲೆ ಅಂಗೈಯಲ್ಲಿ ಕುಂಕುಮ ಕಲೆಸಿ ಹಚ್ಚಿದ. ಹನಿ ನೀರು ಹೊರಗಿನ ಗಾಜಿನ ಮೇಲೆ ಇಳಿದು, ಪಟ್ಟಿಯ ಮೇಲಿಂದ ಜಾರಿ ಗೋಡೆಗೆ ಬಿತ್ತು. ಒಳಗೆ ಹೋಗಲಿಲ್ಲ. ಅಪ್ಪ ಅವ್ವನಿಗೆ ಕೊಲ್ಹಾಪುರದ ಕೆಲಸಗಾರನ ವರದಿ ಒಪ್ಪಿಸತೊಡಗಿದ.

ನಾನು ಅಂಗಡಿಗೆ ಬಂದೆ. ಅಣ್ಣಾರು ಕೆಲಸವಿಲ್ಲದಿದ್ದರೂ ಸುತ್ತಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಪ್ಪ ಆಡಿದ್ದನ್ನು ಒಂದೂ ಬಿಡದೆ ಹೇಳಿದೆ. ಕಲಿತು ಬಾ ಎಂದದ್ದನ್ನೂ ಮುಚ್ಚಿಡಲಿಲ್ಲ. ನೊಂದುಕೊಂಡಾರು ಎಂದು ಒಳಗೇ ಅಳುಕಿತ್ತು. ಅವರು ಸುತ್ತಿಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ಯಾರು ಹೊಗಳಿದರೂ ದಾಕ್ಷಿಣ್ಯಕ್ಕೆ ಅಂದರು ಎಂದು ತಳ್ಳಿಹಾಕುವ ಮನುಷ್ಯ. ಇದನ್ನು ತಳ್ಳಿಹಾಕಲು ಅವರಿಗೆ ದಾರಿಯೇ ಇರಲಿಲ್ಲ, ಇದು ಅವರಿಗೆ ಅಂದದ್ದಾಗಿರಲಿಲ್ಲ.

"ಪಟ್ಟಿ ಕೂಡಿದ್ದಕ್ಕ ಏನಂದ್ರಂದ್ರಿ ಕಾಕಾರು?"

ಎಲ್ಲಿ ಕೂಡಿದೆಯೋ ಗೊತ್ತೇ ಆಗುವುದಿಲ್ಲ, ಒಂದೇ ಕಟ್ಟಿಗೆ ಕೊರೆದು ಮಾಡಿದ ಹಾಗಿದೆ ಅಂದ, ಎಂದೆ. ಅವರು ಬೀದಿಯ ಕಡೆ ಮುಖ ಮಾಡಿದರು. ಕಣ್ಣು ಒರೆಸಿಕೊಂಡರೆಂದು ಕಾಣುತ್ತದೆ, ನಾನು ನೋಡಲು ಹೋಗಲಿಲ್ಲ.

"ಇನ್ನೊಮ್ಮೆ ಹೇಳ್ರಿ ಅಕ್ಕಾರ" ಎಂದರು. ನಾನು ಇನ್ನೊಮ್ಮೆ ಹೇಳಿದೆ.